ಕಾಲಿಗೆ ತಿಳಿಯುವ ನೆಲ

ನಮ್ಮ ಮನೆ ಮುಂದಿನ ಹುಣಸೇಮರದ ಕೆಳಗೆ ಹೆಚ್ಚುಕಡಿಮೆ ಒಂದು ವರ್ಷ ಹಳೆಯ ಬಸ್ಸೊಂದು ನಿಂತಿತ್ತು. ಅರವತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನ ಹೊರಗಿನ ನಮ್ಮ ಸಿಂಗಾಪುರ ಆಗಿನ್ನೂ ಹಳ್ಳಿ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೆ ರಾಗಿ ಹೊಲ, ಅದರಾಚೆ ಕೆರೆಯ ಏರಿ, ಈಚೆ ಕಿಟಕಿಗಳನ್ನೆಲ್ಲ ತೆರೆದುಕೊಂಡು ನಿಂತ ಆ ಬಸ್ಸು. ಮಾಗಿಯ ದಿನಗಳಲ್ಲಿ ಮಂಜಿಗೆ ಅದರ ಚಕ್ರಗಳು ಕಾಣುತ್ತಿರಲಿಲ್ಲ. ಮೇಲಿನ ಅರ್ಧ ಮಾತ್ರ ಕೆರೆ ನೀರಿನ ಮೇಲೆ ತೇಲುತ್ತಿರುವ ಹಾಗಿರುತ್ತಿತ್ತು. ಗುಬ್ಬಿಗಳು ಒಂದು ಕಿಟಕಿಯಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತಿದ್ದವು. ನಾನು ರಂಗೋಲಿ ಬಟ್ಟಲು ಹಿಡಿದುಕೊಂಡು, ಬಗ್ಗುವುದನ್ನೂ ಮರೆತು ನೋಡುತ್ತಾ ನಿಂತುಬಿಡುತ್ತಿದ್ದೆ. ಒಳಗಿನಿಂದ ಅತ್ತೆ ಕೂಗುತ್ತಿದ್ದರು: "ಏನಮ್ಮೀ, ಚುಕ್ಕಿ ಇಟ್ಟು ಎಣಿಸ್ತಾ ಕೂತ್ಯಾ? ಆಲು ಉಕ್ಕೋ ಒತ್ತಾಯ್ತು."

ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಆದರೆ ಹಾಲು ಉಕ್ಕುವ ಹೊತ್ತು ಅವರಿಗೆ ನನಗಿಂತ ಮೊದಲು ಗೊತ್ತಾಗುತ್ತಿತ್ತು.

ಬಸ್ಸು ಬಂದದ್ದೇ ಅವರಿಗಾಗಿ. ನನ್ನ ಯಜಮಾನರು ಏಳು ವರ್ಷದ ಹುಡುಗನಾಗಿದ್ದಾಗ ವಿಷಮಜ್ವರ ಬಂದು, ಮನೆಯವರೆಲ್ಲ ಆಸೆ ಬಿಟ್ಟಿದ್ದರಂತೆ. ಆಗ ಅತ್ತೆ ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೊತ್ತರು. ಮಗ ಉಳಿದರೆ ತಾಯಿ ಮಗ ಇಬ್ಬರೂ ನೇತ್ರಾವತಿಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲಿ ನಿನ್ನ ಮುಂದೆ ನಿಲ್ಲುತ್ತೇವೆ ಅಂತ. ಮಗ ಉಳಿದ. ಮಾವನವರು ಮುಂದಿನ ವರ್ಷ ಹೋಗೋಣ ಅಂದರು, ಅದರ ಮುಂದಿನ ವರ್ಷ ಅಂದರು, ಹಾಗೇ ಒಂದು ದಿನ ಅವರೇ ಹೊರಟುಹೋದರು. ಆಮೇಲೆ ಅತ್ತೆಯ ಕಣ್ಣಿಗೆ ಪೊರೆ ಬಂತು, ಅದನ್ನು ತೆಗೆಸಿದ ಮೇಲೆ ಇದ್ದ ಮಬ್ಬು ಬೆಳಕೂ ಹೋಯಿತು. ಹರಕೆ ಉಳಿಸಿಕೊಂಡದ್ದಕ್ಕೇ ಹೀಗಾಯಿತು ಅನ್ನುವುದು ಅವರ ನಂಬಿಕೆ. ನನ್ನದೂ ಅದೇ. ಮಂಜುನಾಥನ ಹತ್ತಿರ ಮಾತು ಕೊಟ್ಟು ಯಾರೂ ತಪ್ಪಿಸಿಕೊಳ್ಳಬಾರದು.

ಹಾಗಾದರೆ ಹೋಗಿ ಬರುವುದು ತಾನೇ ಅನ್ನಬಹುದು. ಒಂದು ಸಲ ಹೊರಟೂ ಇದ್ದೆವು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಅತ್ತೆ ಒಂದು ಕಂಬವನ್ನು ತಬ್ಬಿಕೊಂಡವರು ಬಿಡಲೇ ಇಲ್ಲ. ಎರಡು ಬಸ್ಸು ಹೋದವು. ಅವರ ಕೈ ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಮನೆಗೆ ವಾಪಸ್ಸು ಬಂದು, ಹೊಸ್ತಿಲು ದಾಟಿದ ತಕ್ಷಣ ಅವರು ಸೀದಾ ಅಡುಗೆಮನೆಗೆ ನಡೆದು ಸೊಪ್ಪು ಸೋಸಲು ಕೂತರು, ಏನೂ ಆಗಿಲ್ಲವೆಂಬಂತೆ.

ನನ್ನ ಯಜಮಾನರದು ಒಕ್ಕಲುತನದ ಮನೆ. ಹೊಲ ಪಾಲಾಗಿ ತುಂಡಾದ ಮೇಲೆ ಅವರು ಯಶವಂತಪುರದಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡು ಸೇರಿ ಮರಗೆಲಸ ಕಲಿತರು. ಅಲ್ಲಿ ಬಸ್ಸುಗಳನ್ನು ಹಿಂದೆ ಮುಂದೆ ಮಾಡುತ್ತಾ ಮಾಡುತ್ತಾ ಓಡಿಸುವುದನ್ನೂ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದರು. ಯಾರಿಗೂ ಬೇಡವಾಗಿ ಶೆಡ್ಡಿನ ಹಿಂದೆ ಬಿದ್ದಿದ್ದ ಬಸ್ಸನ್ನು ಮಾಲೀಕರಿಂದ ಅಗ್ಗಕ್ಕೆ ತಂದು ಮರದ ಕೆಳಗೆ ನಿಲ್ಲಿಸಿದ ದಿನ ಅವರು ಅಂದದ್ದು ಇಷ್ಟೇ: "ಅವ್ವ ಮನೆ ಬಿಟ್ಟು ಬರಕಿಲ್ಲ. ಅದ್ಕೇ ಮನೇನೇ ಕರ್ಕೊಂಡು ಓಗೋದು."

ಸೀಟುಗಳನ್ನೆಲ್ಲ ಕಿತ್ತರು. ಮಲಗಲು ಎರಡು ಅಗಲವಾದ ಹಲಗೆ, ಪಂಪಿನ ಸ್ಟೌವಿಗೆ ಒಂದು ಮೂಲೆ, ದೇವರಿಗೆ ಒಂದು ಗೂಡು. ಅತ್ತೆ ಬೆಂಚಿನ ಮೇಲೆ ಕೂತವರೇ ಅಲ್ಲ. ಕೂರುವುದು, ಉಣ್ಣುವುದು, ಹೆಚ್ಚುವುದು ಎಲ್ಲ ನೆಲದ ಮೇಲೆ. ಆದ್ದರಿಂದ ಗೋಡೆಗಿಂತ ನೆಲದ್ದೇ ಯೋಚನೆ. ಹಳೆಯ ಹಲಗೆಗಳು ಸವೆದು, ಸಂದಿಯಿಂದ ಕೆಳಗಿನ ಗರಿಕೆ ಕಾಣುತ್ತಿತ್ತು. ಏನು ಹಾಸೋಣ ಅಂತ ಕೇಳಿದಾಗ ಅತ್ತೆ ಕೂಡಲೇ ಹೇಳಿದರು: "ಸಾರಿಸಿದ ನೆಲ ಇಲ್ದೆ ದೀಪ ಅಚ್ಚಕಾಯ್ತದಾ?"

ನಮಗೂ ಅದು ಸರಿ ಅನ್ನಿಸಿತು. ಸಾರಿಸದ ನೆಲದ ಮೇಲೆ ದೇವರ ದೀಪ ಇಡುವುದು ಹೇಗೆ? ಮೂರು ದಿನ ಕೆರೆಯಿಂದ ಕೆಮ್ಮಣ್ಣು ಹೊತ್ತೆವು. ಹೊಟ್ಟು ಸೇರಿಸಿ ತುಳಿದು, ಹಲಗೆಯ ಮೇಲೆ ಹರಡಿ, ದಿಮ್ಮಿಸೆಯಿಂದ ಬಡಿದು, ನಾಲ್ಕನೆಯ ದಿನ ಸಗಣಿಯಲ್ಲಿ ಸಾರಿಸಿದೆ. ಅಂಥ ಚೆಂದದ ನೆಲವನ್ನು ನಾನು ನಮ್ಮ ಮನೆಯಲ್ಲೂ ಮಾಡಿರಲಿಲ್ಲ. ಮಧ್ಯಾಹ್ನ ಅದು ಒಣಗುತ್ತಿದ್ದಾಗ ಒಳಗೆಲ್ಲ ಮೊದಲ ಮಳೆಯ ವಾಸನೆ. ಹುಣಸೆ ಎಲೆಗಳ ನೆರಳು ಕಿಟಕಿಯಿಂದ ಬಂದು ನೆಲದ ಮೇಲೆ ಅಲ್ಲಾಡುತ್ತಿತ್ತು. ಒಂದು ಗಳಿಗೆ ಅಂತ ಅಡ್ಡಾದವಳಿಗೆ ನಿದ್ದೆ ಬಂತು. ಕನಸಿನಲ್ಲಿ ಬಸ್ಸು ಹೊರಟಿತ್ತು, ನಮ್ಮ ಹಸುವೂ ಒಳಗಿತ್ತು, ರಾಗಿ ಹೊಲ ನಮ್ಮ ಜೊತೆಗೇ ನಡೆದು ಬರುತ್ತಿತ್ತು.

ಮರುದಿನ ನಾನೂ ಯಜಮಾನರೂ ಯಲಹಂಕದವರೆಗೆ ಓಡಿಸಿ ನೋಡಲು ಹೊರಟೆವು. ಮೊದಲ ಹಳ್ಳಕ್ಕೇ ನೆಲ ಬೇಸಿಗೆಯ ಕೆರೆಯ ಹಾಗೆ ಬಿರಿಯಿತು. ಎರಡನೆಯದಕ್ಕೆ ಹೆಂಟೆ ಎದ್ದವು. ಯಲಹಂಕ ಮುಟ್ಟುವ ಹೊತ್ತಿಗೆ ಹೆಂಟೆಗಳೆಲ್ಲ ಪುಡಿಯಾಗಿ, ಕಿಟಕಿಗಳಿಂದ ಕೆಂಪು ಹೊಗೆಯಂಥ ಧೂಳು. ಇಳಿದಾಗ ನನ್ನನ್ನು ನೋಡಿ ಇವರು ನಗಲಾರದೆ ನಕ್ಕರು. "ಮನೆ ಕರ್ಕೊಂಡು ಓಗೋಣ ಅಂದ್ರೆ ಒಲಾನೇ ಕರ್ಕೊಂಡು ಬಂದ್ವಲ್ಲೇ!"

"ಬಿತ್ತನೆ ಮಾಡಿ ಇನ್ನು. ಧರ್ಮಸ್ಥಳ ಸೇರೋ ಹೊತ್ಗೆ ಕುಯ್ಯಬಹುದು," ಅಂದೆ ನಾನು.

ಅಷ್ಟು ಭಾರ ಹೊತ್ತರೂ ಬಸ್ಸಿನ ಅಚ್ಚು ಮುರಿಯಲಿಲ್ಲವಲ್ಲ, ಅದಕ್ಕೊಂದು ಕೈ ಮುಗಿದೆ.

ಶೆಡ್ಡಿನಲ್ಲಿ ಇವರಿಗೆ ಕೆಲಸ ಕಲಿಸಿದ ವಯಸ್ಸಾದ ಸಾಬರೊಬ್ಬರಿದ್ದರು. ಸುದ್ದಿ ಕೇಳಿ ನೋಡಲು ಬಂದವರು, ಉಳಿದ ಮಣ್ಣನ್ನು ಕೈಯಲ್ಲಿ ಹಿಡಿದು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡರು. "ಅರೇ ಬೇಟಾ, ಮನೆ ನೆಲ ಸುಮ್ನೆ ಇರುತ್ತೆ. ಬಸ್ ನೆಲ ದಿನಾ ಕುಣೀಬೇಕು. ಕುಣಿಯೋಕೆ ಬರದೇ ಇರೋದು ಒಡೆದುಹೋಗುತ್ತೆ."

ಇವರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಲಗೆಗಳನ್ನು ಬದಲಾಯಿಸಿ, ಪೇಟೆಗೆ ಹೋಗಿ, ಸುರುಳಿ ಸುತ್ತಿದ ಲಿನೋಲಿಯಂ ಹಾಸು ತಂದರು. ಬೂದು ಬಣ್ಣದ ಮೇಲೆ ಕೆಂಪು ಹೂವು, ಹಸಿರು ಬಳ್ಳಿ. ಬಾಗಿಲಿನಿಂದ ಡ್ರೈವರ್ ಸೀಟಿನವರೆಗೆ, ಮೂಲೆ ಮೂಲೆಗೂ, ಒಂದು ಸುಕ್ಕಿಲ್ಲದಂತೆ ಅಂಟಿಸಿದರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಫಳಫಳ ಹೊಳೆಯುತ್ತಿತ್ತು. ಊರಿನವರೆಲ್ಲ ಬಂದು ಚಪ್ಪಲಿ ಬಿಟ್ಟು ಹತ್ತಿ ನೋಡಿ ಹೋದರು. ನನಗೂ ಬಹಳ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆ ಹೂವುಗಳ ನಡುವೆ ಕಾಲಿಟ್ಟರೆ ಯಾವುದೋ ಅರಮನೆಯ ತೋಟದಲ್ಲಿ ಹೋದ ಹಾಗಾಗುತ್ತಿತ್ತು.

ಒಳ್ಳೆಯ ಸೋಮವಾರ ನೋಡಿ ಅತ್ತೆಯನ್ನು ಹತ್ತಿಸಿದೆವು. ಅವರು ಹೊಸ ಸೀರೆ ಉಟ್ಟು, ಮಗನ ಹೆಗಲು ಹಿಡಿದು ಮೆಟ್ಟಿಲು ಏರಿದರು. "ಬಿಡು, ನಾನೇ ನೋಡ್ಕತೀನಿ," ಅಂದರು. ಮಗ ಪಕ್ಕಕ್ಕೆ ಸರಿದರು.

ಎರಡು ಹೆಜ್ಜೆ ಇಟ್ಟರು. ನಿಂತರು. ಒಂದು ಪಾದವನ್ನು ಮುಂದೆ ಮಾಡಿ ಅತ್ತಿತ್ತ ಸವರಿದರು, ನೀರಿನ ಆಳ ನೋಡುವವರ ಹಾಗೆ. ಮತ್ತೆ ಎರಡು ಹೆಜ್ಜೆ. ಆಮೇಲೆ ತಿರುಗಿದರು, ಬಾಗಿಲು ಅಂದುಕೊಂಡು ಮಲಗುವ ಹಲಗೆಗೆ ಮೊಣಕಾಲು ಬಡಿಸಿಕೊಂಡರು. ಕೈ ಚಾಚಿದರು, ಸಿಕ್ಕಿದ್ದು ಗಾಳಿ. ನಾನು ಓಡಿಹೋಗುವಷ್ಟರಲ್ಲಿ ಅವರು ಅಲ್ಲೇ ಕುಸಿದು ಕೂತು, ಎರಡೂ ಅಂಗೈಯನ್ನು ಆ ಹೂವುಗಳ ಮೇಲೆ ಊರಿಕೊಂಡಿದ್ದರು.

"ಇಳಿಸಮ್ಮಿ ನನ್ನ," ಅಂದರು. ಅಷ್ಟು ಸಣ್ಣ ದನಿ ಅವರಿಂದ ನಾನು ಕೇಳಿರಲಿಲ್ಲ.

ಮನೆಯಲ್ಲಿ ಮಗ ಏನು ಕೇಳಿದರೂ ಒಂದೇ ಉತ್ತರ: "ನನ್ನ ಕೈಲಾಗಲ್ಲ ಕಣಪ್ಪಾ. ಅರಕೆ ನನ್ ಜೊತೇಲೇ ಓಗ್ಲಿ. ಮುಂದಿನ ಜನ್ಮದಾಗೆ ತೀರಿಸ್ತೀನಿ." ಆ ಮಾತು ಕೇಳಿ ಇವರು ಊಟ ಬಿಟ್ಟು ಎದ್ದರು. ಆಗ ನನಗೆ ಏನನ್ನಿಸಿತೋ ಅದನ್ನೂ ಬರೆಯಬೇಕು. ಒಂದು ಚೂರು ನಿರಾಳವಾಯಿತು. ಈ ಓಡಾಟ, ಈ ಹಟ, ಎಲ್ಲ ಮುಗಿಯಿತಲ್ಲ ಅಂತ. ಆಮೇಲೆ ದೇವರ ಮನೆಗೆ ಹೋಗಿ ಕೆನ್ನೆ ಕೆನ್ನೆ ಬಡಿದುಕೊಂಡೆ. ತಾಯಿ ತನ್ನ ಕೂಸಿಗೋಸ್ಕರ ಕೊಟ್ಟ ಮಾತು ಅದು. ಆ ಕೂಸು ನನ್ನ ಗಂಡ.

ಬಸ್ಸು ಮತ್ತೆ ಮರದ ಕೆಳಗೆ ಸುಮ್ಮನಾಯಿತು. ಗುಬ್ಬಿಗಳು ವಾಪಸ್ಸು ಬಂದವು.

ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ಹುಣಸೆ ಹಣ್ಣಿನ ನಾರು ಬಿಡಿಸುತ್ತಿದ್ದೆ. ಅತ್ತೆ ಅಡುಗೆಮನೆಯಿಂದ ನೀರಿನ ಚೊಂಬು ಹಿಡಿದು ಬರುತ್ತಿದ್ದರು. ಎಷ್ಟೋ ವರ್ಷದಿಂದ ನೋಡಿದ್ದ ನಡಿಗೆಯೇ. ಆ ದಿನ ಮಾತ್ರ ನನ್ನ ಕಣ್ಣು ಅವರ ಪಾದದ ಮೇಲೆ ಬಿತ್ತು. ಅಡುಗೆಮನೆಯ ಮಣ್ಣಿನ ನೆಲ ಮುಗಿದು ನಡುಮನೆಯ ಕೆಂಪು ಗಾರೆ ಶುರುವಾಗುವ ಕಡೆ ಅವರ ಹೆಬ್ಬೆರಳು ಒಂದು ಚಣ ನಿಂತಿತು, ಅಂಚಿನ ಏಣನ್ನು ಮುಟ್ಟಿತು, ಅಲ್ಲಿಂದ ಎಡಕ್ಕೆ ತಿರುಗಿತು. ಗಾರೆ ಮುಗಿದು ಜಗಲಿಯ ಒರಟು ಚಪ್ಪಡಿ ಸಿಕ್ಕಿದ ಕೂಡಲೇ ಅವರು ನಿಂತು, ಬಗ್ಗಿ, ನನ್ನ ಪಕ್ಕಕ್ಕೆ ಸರಿಯಾಗಿ ಚೊಂಬು ಇಟ್ಟರು.

ನಾನು ಹುಣಸೆ ಹಣ್ಣು ಅಲ್ಲೇ ಬಿಟ್ಟು ಎದ್ದೆ. ಕಣ್ಣು ಮುಚ್ಚಿಕೊಂಡು ಒಳಗೆ ಹೋದೆ. ಚಪ್ಪಡಿ ಒರಟು, ಬಿಸಿ. ಗಾರೆ ನುಣುಪು, ತಂಪು. ಮಣ್ಣು ಮೆತ್ತಗೆ, ಇನ್ನೂ ತಂಪು. ಒಲೆ ಹತ್ತಿರವಾಗುತ್ತಿದ್ದಂತೆ ಬೆಚ್ಚಗೆ. ಹಿತ್ತಿಲ ಬಾಗಿಲಿನ ಹತ್ತಿರ ಸವೆದ ಒಂದು ತಗ್ಗು, ಅದಕ್ಕೆ ಹಿಮ್ಮಡಿ ಸರಿಯಾಗಿ ಕೂರುತ್ತದೆ. ಕಣ್ಣಿದ್ದವಳು ನಾನು ಆ ಮನೆಯಲ್ಲಿ ಅಷ್ಟು ವರ್ಷ ಇದ್ದೂ ಅದನ್ನು ಪೂರ್ತಿ ನೋಡಿರಲಿಲ್ಲ. ಮುಚ್ಚಿದ ಕಣ್ಣಿನೊಳಗೆ ಮನೆ ಪಾದದ ಕೆಳಗಿನಿಂದ ನಿಧಾನವಾಗಿ ಎದ್ದು ಬಂತು, ದೀಪ ಒಂದೊಂದಾಗಿ ಹಚ್ಚಿದಂತೆ. ಹಾಗೇ ಹೋಗಿ ಬಸ್ಸು ಹತ್ತಿದೆ. ಲಿನೋಲಿಯಂ ಮೇಲೆ ಕಾಲಿಟ್ಟೆ. ಅಲ್ಲಿ ಏನೂ ಇರಲಿಲ್ಲ. ಎತ್ತ ಹೋದರೂ ಒಂದೇ ನುಣುಪು. ನನಗೇ ಭಯವಾಗಿ ಕಣ್ಣು ಬಿಟ್ಟೆ.

ಸಂಜೆ ಇವರು ಸೈಕಲ್ ನಿಲ್ಲಿಸುವ ಮೊದಲೇ ಹೇಳಿದೆ. "ರೀ, ಆ ಹಾಸು ಕೀಳ್ಬೇಕು."

"ಏನು?"

"ಲಿನೋಲಿಯಂ. ಕಿತ್ತಾಕಿ."

"ತಲೆ ಸರಿಗೈತಾ ನಿಂಗೆ? ಊರಿಗೂರೇ ಒಗಳ್ತು ಅದನ್ನ!"

"ಊರಿಗೆ ಕಣ್ಣಿದೆ. ಕಣ್ಣಿಲ್ಲದೋರಿಗೆ ಹೂವು ಹಾಸಿದ್ದೀರಲ್ಲ, ಯಾರು ನೋಡ್ಲಿ ಅಂತ?"

ಅವರ ಮುಖ ಕಪ್ಪಿಟ್ಟಿತು. ಮಾತು ಹೆಚ್ಚಾಯಿತು ಅಂತ ನನಗೇ ಅನ್ನಿಸಿತು. ಜಗಳ ಬೇಡವಾಗಿ, ಅವರ ಕೈ ಹಿಡಿದು ಬಾಗಿಲ ಹತ್ತಿರ ನಿಲ್ಲಿಸಿ, "ಕಣ್ಣು ಮುಚ್ಕೊಳ್ಳಿ. ಒಳಗೆ ಹೋಗಿ ಒಲೆ ಮುಟ್ಟಿ ಬನ್ನಿ," ಅಂದೆ. ತಾವು ಹುಟ್ಟಿ ಬೆಳೆದ ಮನೆ. ಸಲೀಸಾಗಿ ಹೋಗಿ ಬಂದರು. ಆಮೇಲೆ ಬಸ್ಸಿನಲ್ಲಿ ಅದನ್ನೇ ಮಾಡಿಸಿದೆ. ಮೂರನೇ ಹೆಜ್ಜೆಗೆ ದೇವರ ಗೂಡಿಗೆ ಹಣೆ ತಗುಲಿತು. ಹಣೆ ಉಜ್ಜಿಕೊಳ್ಳುತ್ತಾ ಕೆಳಗೆ ಕೂತರು. ತಮ್ಮ ಕೈಯಿಂದಲೇ ಅಂಟಿಸಿದ್ದ ಹಾಸಿನ ಒಂದು ಅಂಚನ್ನು ಉಗುರಿನಿಂದ ಎಬ್ಬಿಸಿದರು. "ಅವ್ವ ಅವತ್ತು ಇಂಗೇ ನಿಂತಿದ್ಲು," ಅಂದರು.

ಆದರೆ ಅತ್ತೆ ಬಸ್ಸಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರು. ಅದಕ್ಕೆ ನಾವು ಬಸ್ಸಿನ ಮಾತೇ ಎತ್ತಲಿಲ್ಲ. ಇವರು ದಿನವೂ ಶೆಡ್ಡಿನಿಂದ, ಕಲ್ಲು ಕೆಲಸದವರಿಂದ, ಅಂಗಡಿಗಳಿಂದ ಒಂದೊಂದು ತುಂಡು ತಂದರು: ಹೊನ್ನೆ ಹಲಗೆ, ತೆಂಗಿನ ನಾರಿನ ಹಾಸು, ತೆಳುವಾದ ಕಡಪ ಕಲ್ಲು, ತಗಡು. ಬಾಗಲಗುಂಟೆ ಕಡೆಯ ಮುದುಕಿಯೊಬ್ಬರು ಹೆಣೆಯುತ್ತಿದ್ದ ಈಚಲ ಚಾಪೆಯನ್ನು ನಾನೇ ಹೋಗಿ ತಂದೆ. ಒಂದು ಭಾನುವಾರ ಬೆಳಿಗ್ಗೆ ಅಂಗಳ ಗುಡಿಸಿ, ಬಸ್ಸಿನ ಉದ್ದಗಲ ಅಳೆದು, ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, ಅದರೊಳಗೆ ಎಲ್ಲವನ್ನೂ ಹರವಿದೆ.

"ಅತ್ತೆಮ್ಮಾ, ಸ್ವಲ್ಪ ಬನ್ನಿ. ಒಂದು ಮನೆಗೆ ನೆಲ ಆರಿಸ್ಬೇಕು. ನಮಗೆ ತಿಳೀತಿಲ್ಲ."

"ಯಾರ ಮನೆಗೆ?"

ನಾನು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. "ನೀವು ಆರಿಸಿದ್ರೆ ನಿಮ್ಮ ಮನೆಗೆ."

ಅವರಿಗೆ ಅರ್ಥವಾಗಿರಬೇಕು. ಆದರೂ ಎದ್ದು ಬಂದರು. ನೆಲ ಕೇಳಿದರೆ ಬರದೇ ಇರುವವರಲ್ಲ ಅವರು. ಮೊದಲು ತಗಡಿನ ಮೇಲೆ ಕಾಲಿಟ್ಟು, "ಥೂ, ಇದು ಬಿಸ್ಲಾಗೆ ಕಾಯ್ತದೆ, ಚಳೀಲಿ ಕಡೀತದೆ. ಆಚೆಗಾಕು," ಅಂದರು. ಕಡಪ ಕಲ್ಲಿನ ಮೇಲೆ ನಿಂತು ಹಿಮ್ಮಡಿ ಒತ್ತಿ ನೋಡಿ, "ಇದು ಒಲೆ ಮುಂದಕ್ಕೆ. ಕೆಂಡ ಬಿದ್ರೂ ಎದ್ರಲ್ಲ." ನಾರಿನ ಹಾಸು ಸಿಕ್ಕಿದಾಗ ಬೆರಳುಗಳು ಅದರೊಳಗೆ ಆಡಿದವು. "ಇದು ಬಾಗ್ಲು. ಕೆರ್ಕತದೆ. ಇಲ್ಲಿಂದಾಚೆ ಓಗ್ಬೇಡ ಅಂತದೆ." ಹಲಗೆಯನ್ನು ಉದ್ದಕ್ಕೆ ಇಟ್ಟಿದ್ದೆವು. ಅವರು ಅಡ್ಡಕ್ಕೆ ಹಾಕಿಸಿದರು. ಅಡ್ಡಕ್ಕಿದ್ದರೆ ಸಂದಿ ಎಣಿಸಿಕೊಂಡು ನಡೆಯಬಹುದಂತೆ. ಈಚಲ ಚಾಪೆಯ ಮೇಲೆ ಮಾತ್ರ ಕೂತು, ಅಂಗೈಯಲ್ಲಿ ಸವರುತ್ತಾ, "ಮಲ್ಗೋ ತಾವಿಗೆ," ಅಂದರು.

ಬಿಸಿಲು ಇನ್ನೂ ಎಳೆಯದು. ಗೋಡೆಯಿಲ್ಲದ, ಸೂರಿಲ್ಲದ ಒಂದು ಮನೆಯೊಳಗೆ ಅತ್ತೆ ಒಬ್ಬರೇ ಓಡಾಡುತ್ತಿದ್ದರು. ಬಾಗಿಲಿಂದ ಒಲೆಗೆ, ಒಲೆಯಿಂದ ಹಾಸಿಗೆಗೆ, ಮತ್ತೆ ಬಾಗಿಲಿಗೆ. ಗೆರೆಯೊಳಗೆ ಸುಳಿದ ಕೋಳಿಯೊಂದನ್ನು "ಉಷ್, ಒಳಗೆ ಬಂದ್ಯಾ?" ಅಂತ ಓಡಿಸಿದರು. ಇವರು ನನ್ನ ಕಡೆ ನೋಡಿದರು, ನಾನು ಕೆರೆಯ ಕಡೆ ನೋಡಿದೆ. ಹಾಗೆ ನೋಡದಿದ್ದರೆ ಅಳು ಬಂದುಬಿಡುತ್ತಿತ್ತು.

"ಎಲ್ಲಾ ಸರಿ. ದೇವರ ಮುಂದೆ?" ಅಂದರು ಅತ್ತೆ ನಿಂತು.

ಅದನ್ನು ಬಗೆಹರಿಸಿದವರು ಸಾಬರು. ಅವರೇ ಒಂದು ಮಣೆಯಗಲದ, ನಾಲ್ಕು ಬೆರಳು ಎತ್ತರದ ಹಲಗೆಯ ತಟ್ಟೆ ಮಾಡಿ ತಂದರು. "ಇದ್ರಲ್ಲಿ ನಿಮ್ಮ ಮಣ್ಣು ತುಂಬಿಸ್ಕೊಳ್ಳಿ ತಾಯಿ. ಕೆಳಗೆ ಗೋಣಿ ಹಾಕಿದೀನಿ, ಕುಣಿಯೋದು ಗೋಣಿಗೆ ಬಿಡಿ. ಒಡೆದ್ರೆ ಕೈಯಲ್ಲೇ ಮೆತ್ತಬಹುದು." ಕಡಪ ಕಲ್ಲಿನ ಕೆಳಗೂ ಮಡಿಸಿದ ಗೋಣಿ ಹಾಕಿ, ಸುತ್ತ ಮರದ ಪಟ್ಟಿ ಹೊಡೆದರು. ಆ ಮಣ್ಣನ್ನು ಅತ್ತೆಯೇ ಕಲಸಿದರು, ಅತ್ತೆಯೇ ಸಾರಿಸಿದರು. ನಾನು ಅದರ ಮೇಲೆ ಐದು ಚುಕ್ಕಿಯ ರಂಗೋಲಿ ಹಾಕಿದೆ. ಬೇರೆ ದೇವರನ್ನು ಪೂಜಿಸುವ ಆ ಹಿರಿಯರಿಗೆ ನಮ್ಮ ದೇವರ ನೆಲದ ಚಿಂತೆ ಹತ್ತಿಸಿದವನು ಯಾರು ಅಂತ ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಹಾಸು ಕಿತ್ತು ಹೊಸ ನೆಲ ಕೂರಿಸಲು ಒಂದು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಹೊರಟೆವು, ನಾವು ಮೂವರೇ. ಯಶವಂತಪುರದವರೆಗೂ ಅತ್ತೆ ಒಲೆ ಮುಂದಿನ ಕಲ್ಲಿನ ಮೇಲೆ ಕೂತು ನನ್ನ ಸೆರಗಿನ ತುದಿ ಬಿಗಿಯಾಗಿ ಹಿಡಿದಿದ್ದರು. ಬಸ್ಸು ಊರು ದಾಟಿ ಬಯಲಿಗೆ ಬಿದ್ದ ಮೇಲೆ ಸೆರಗು ಬಿಟ್ಟರು. ಮೊದಲ ರಾತ್ರಿ ತಂಗಿದ ಕಡೆ ಅಳುಕುತ್ತಾ ಹಲಗೆಯ ಸಂದಿಗಳನ್ನು ಬಾಯಲ್ಲಿ ಎಣಿಸುತ್ತಾ ನಡೆದರು. ಎರಡನೆಯ ದಿನ ಎಣಿಸುವ ದನಿ ಕೇಳಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಘಟ್ಟದ ತಿರುವುಗಳಲ್ಲಿ ನೆಲವೆಲ್ಲ ಕಿರುಗುಟ್ಟಿ ಕುಣಿಯಿತು. ದೇವರ ತಟ್ಟೆಯ ಮಣ್ಣಿನಲ್ಲಿ ಒಂದೇ ಒಂದು ಕೂದಲಿನಂಥ ಬಿರುಕು ಬಂತು. ಅತ್ತೆ ಬೆರಳಿಗೆ ನೀರು ಮುಟ್ಟಿಸಿಕೊಂಡು ಅದನ್ನು ಸವರಿ ಮುಚ್ಚಿದರು.

ನೇತ್ರಾವತಿಯ ನೀರು ಬೆಳಗಿನ ಜಾವದಲ್ಲಿ ಹಾಲಿನ ಹಾಗೆ ಕಾಣುತ್ತಿತ್ತು. ಮೇಲೆ ಹೊಗೆಯಾಡುತ್ತಿತ್ತು. ಮಗ ಒಂದು ಕಡೆ, ನಾನು ಒಂದು ಕಡೆ. ಪಾಚಿ ಕಲ್ಲಿನ ಮೇಲೆ, ಮರಳಿನ ಮೇಲೆ, ಹರಿಯುವ ನೀರಿನೊಳಗೆ ಅತ್ತೆಯ ಪಾದ ಪ್ರತಿ ಹೆಜ್ಜೆಗೂ ತಡಕಾಡಿತು. ಕೈ ಮಾತ್ರ ನಮ್ಮಿಬ್ಬರ ರಟ್ಟೆಯಲ್ಲಿ ಉಗುರು ಊರುವಷ್ಟು ಬಿಗಿಯಾಗಿತ್ತು. ತಾಯಿ ಮಗ ಮೂರು ಸಲ ಮುಳುಗಿದರು. ಒದ್ದೆ ಬಟ್ಟೆಯಲ್ಲಿ, ಜನರ ನೂಕಿನಲ್ಲಿ, ಆ ಹಿಡಿತ ಸಡಿಲಿಸದೆ ಸ್ವಾಮಿಯ ಮುಂದೆ ನಿಂತರು. ಕಾಣದ ಕಣ್ಣು ತೆರೆದು ಅತ್ತೆ ಏನು ಹೇಳಿಕೊಂಡರೋ ನನಗೆ ಕೇಳಿಸಲಿಲ್ಲ. ನಾನು ಕೇಳಿಕೊಂಡದ್ದು ಇಷ್ಟೇ: ತಡವಾಯಿತು ತಂದೆ, ಮನಸ್ಸಿಗೆ ತಂದುಕೊಳ್ಳಬೇಡ.

ದರ್ಶನ ಮುಗಿಸಿ ಬಸ್ಸು ನಿಲ್ಲಿಸಿದ ಕಡೆಗೆ ನಡೆಸಿಕೊಂಡು ಬಂದೆವು. ದಾರಿ ಉದ್ದಕ್ಕೂ ಅತ್ತೆ ಕೈಯ ಹಿಡಿತ ಸಡಿಲಿಸಲಿಲ್ಲ. ಮೂರು ಮೆಟ್ಟಿಲು ಹತ್ತಿ ನಾರಿನ ಹಾಸಿನ ಮೇಲೆ ಕಾಲಿಟ್ಟರು. ಬೆರಳುಗಳು ಅದರೊಳಗೆ ಒಮ್ಮೆ ಆಡಿದವು. ಆಗ ನಮ್ಮಿಬ್ಬರ ಕೈಯನ್ನೂ ಕೊಡವಿಕೊಂಡರು.

"ಇನ್ ಬಿಡ್ರಪ್ಪಾ," ಅಂದರು. "ಮನೆ ಬಂತು."

ನಾವಿಬ್ಬರೂ ಮೆಟ್ಟಿಲ ಮೇಲೇ ನಿಂತೆವು. ಒಳಗೆ ಸ್ಟೌವಿನ ಪಂಪು ಹೊಡೆಯುವ ಸದ್ದು ಕೇಳಿಸಿತು.